ಸೇರು, ಪಾವು ಮತ್ತು ದಾಸೋಹದ ಅಳತೆ

ಅಳೆಯುವುದು ಬೇರೆ, ತೂಗುವುದು ಬೇರೆ. ನಮ್ಮ ಹಿರಿಯರಿಗೆ ಈ ಭೇದ ಸಹಜವಾಗಿಯೇ ತಿಳಿದಿತ್ತು. ಭತ್ತ, ಅಕ್ಕಿ, ಬೇಳೆಗಳನ್ನು ಕೊಳಗ, ಸೇರು, ಪಾವುಗಳಲ್ಲಿ ಅಳೆಯುತ್ತಿದ್ದರು. ಬೆಲ್ಲ, ಅಡಿಕೆ, ಹುಣಿಸೆಹಣ್ಣುಗಳನ್ನು ತಕ್ಕಡಿಗೆ ಹಾಕುತ್ತಿದ್ದರು. ತೊಡಕೆಂದರೆ, ಅಳತೆಗೂ ತೂಕಕ್ಕೂ ‘ಸೇರು’ ಎಂಬ ಒಂದೇ ಹೆಸರು ಬಳಕೆಯಲ್ಲಿದ್ದುದು. ತೂಕದ ಸೇರಿನಲ್ಲಿಯೂ ೮೦ ತೊಲೆಯದು ಒಂದು, ಹಳೆಯ ಮೈಸೂರು ಸೀಮೆಯ ೨೪ ತೊಲೆಯ ಕಚ್ಚಾ ಸೇರು ಇನ್ನೊಂದು. ೧೯೫೬ರ ಕಾಯಿದೆಯ ಮೇರೆಗೆ ೧೯೫೮ರಿಂದ ಹಂತಹಂತವಾಗಿ ಕಿಲೋಗ್ರಾಂ ಬಂದಿತು. ಅಂಗಡಿಯ ಸೇರು ಹೋಯಿತು. ಅಡುಗೆಮನೆಯ ಸೇರು ಉಳಿಯಿತು.

ಕೊಪ್ಪದ ಕಡೆಯ ಭಕ್ತರೊಬ್ಬರ ಮನೆಯಲ್ಲಿ ಹಿರಿಯ ತಾಯಿಯವರು ಲಿಂಗೈಕ್ಯರಾದರು. ಶಿವಗಣಾರಾಧನೆಗೆ ಅವರ ಕೈರುಚಿಯ ಹೋಳಿಗೆಯನ್ನೇ ಮಾಡಬೇಕೆಂದು ಸೊಸೆಯಂದಿರ ಸಂಕಲ್ಪ. ೧೯೫೦ರ ದಶಕದ ಆರಂಭದಲ್ಲಿ, ಮದುವೆಯಾಗಿ ಬಂದ ಹೊಸತರಲ್ಲಿ, ಆ ತಾಯಿ ಬರೆದಿಟ್ಟ ಪುಸ್ತಕದಲ್ಲಿ ‘ಕಡಲೆಬೇಳೆ ನಾಲ್ಕು ಸೇರು, ಬೆಲ್ಲ ಹನ್ನೆರಡು ಸೇರು’ ಎಂದಿತ್ತು. “ಅಯ್ಯನವರೇ, ಬೇಳೆಗೆ ಮೂರುಪಟ್ಟು ಬೆಲ್ಲ ಹಾಕುವುದುಂಟೇ? ಅತ್ತೆಯವರು ಬರೆಯುವಾಗ ತಪ್ಪಿರಬೇಕು. ಕೇಳೋಣವೆಂದರೆ ಅವರೇ ಇಲ್ಲವಲ್ಲ” ಎಂದು ಹಿರಿಯ ಸೊಸೆ ಕಣ್ಣು ತುಂಬಿಕೊಂಡರು.

ಆ ಮನೆಯ ಹಿತ್ತಾಳೆಯ ಸೇರನ್ನು ತರಿಸಿದೆವು. ಅದರ ತುಂಬ ಹಿಡಿದ ನೀರು ೯೮೦ ಗ್ರಾಂ ತೂಗಿತು. ಅಂದರೆ ಸೇರಿನ ಗಾತ್ರ ಒಂದು ಲೀಟರಿಗೆ ತುಸು ಕಡಿಮೆ. ಅದೇ ಸೇರಿನಲ್ಲಿ ಮಟ್ಟವಾಗಿ ತುಂಬಿದ ಕಡಲೆಬೇಳೆ ೮೨೦ ಗ್ರಾಂ. ನಾಲ್ಕು ಸೇರಿಗೆ ೩ ಕಿಲೋ ೨೮೦ ಗ್ರಾಂ ಆಯಿತು. ಇನ್ನು ಬೆಲ್ಲ: ತೊಲೆಯೆಂದರೆ ೧೧.೬೬ ಗ್ರಾಂ, ೨೪ ತೊಲೆಯ ಕಚ್ಚಾ ಸೇರು ಸುಮಾರು ೨೮೦ ಗ್ರಾಂ. ಹನ್ನೆರಡು ಸೇರಿಗೆ ೩ ಕಿಲೋ ೩೬೦ ಗ್ರಾಂ. ಬೇಳೆಗೆ ಸರಿಸಮನಾಗಿ ಬೆಲ್ಲ! ತಾಯಿ ಬರೆದುದು ಸರಿಯಾಗಿಯೇ ಇತ್ತು. ಬೇಳೆಯನ್ನು ಅಳೆದು, ಬೆಲ್ಲವನ್ನು ತೂಗಿ ಒಂದೇ ಸಾಲಿನಲ್ಲಿ ಬರೆದಿದ್ದರು, ಅಷ್ಟೆ. ಸೊಸೆಯಂದಿರು ಆ ಪುಸ್ತಕವನ್ನು ಕಣ್ಣಿಗೊತ್ತಿಕೊಂಡರು.

ಆದುದರಿಂದ ‘ಒಂದು ಸೇರಿಗೆ ಎಷ್ಟು ಗ್ರಾಂ?’ ಎಂಬ ಪ್ರಶ್ನೆಗೆ ಪದಾರ್ಥದ ಹೆಸರು ಹೇಳದೆ ಉತ್ತರವಿಲ್ಲ. ೨೦೦ ಮಿಲಿಲೀಟರಿನ ಲೋಟದಲ್ಲಿ ನೀರು ೨೦೦ ಗ್ರಾಂ; ಅಕ್ಕಿ, ಸಕ್ಕರೆಗಳು ಸುಮಾರು ೧೭೦; ಎಣ್ಣೆ ಸುಮಾರು ೧೮೫; ಗೋಧಿಹಿಟ್ಟು ೧೧೦ರ ಆಸುಪಾಸು; ಜೇನು ೨೮೦. ಹಿಟ್ಟನ್ನು ಒತ್ತಿ ತುಂಬಿದರೆ ಹೆಚ್ಚು, ಜರಡಿ ಹಿಡಿದರೆ ಕಡಿಮೆ. ಉಂಡೆಬೆಲ್ಲದ ನಡುವೆ ಸಂದು ಉಳಿಯುವುದರಿಂದ ಅದಕ್ಕೆ ತಕ್ಕಡಿಯೇ ಗತಿ. ಶೃಂಗೇರಿ, ಕೊಪ್ಪ, ನರಸಿಂಹರಾಜಪುರಗಳ ಆಷಾಢದ ಮಳೆಯಲ್ಲಿ ಉಪ್ಪು, ಬೆಲ್ಲಗಳು ನೀರೆಳೆದುಕೊಂಡು ತೂಕ ಹೆಚ್ಚುವುದನ್ನೂ ಮರೆಯಬಾರದು. ಆದರೆ ಕಡುಬಿನ ತರಿಗೂ ನೀರಿಗೂ ಒಂದೇ ಪಾವನ್ನು ಬಳಸುವವರು ಈ ಲೆಕ್ಕಕ್ಕೆ ಇಳಿಯಬೇಕಾಗಿಲ್ಲ. ಪ್ರಮಾಣವು ಪಾತ್ರೆಯೊಳಗೇ ಇದೆ.

ಇದು ಕೇವಲ ಪಾಕಶಾಸ್ತ್ರದ ಮಾತೆಂದು ನಾವು ತಿಳಿಯುವುದಿಲ್ಲ. ಆಯ್ದು ತಂದ ಅಕ್ಕಿ ಅಂದಿನ ದಾಸೋಹಕ್ಕೆ ಬೇಕಾದುದಕ್ಕಿಂತ ಹೆಚ್ಚಾಗಿದೆಯೆಂದು ಕಂಡು, ಹೆಚ್ಚಿನದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಪತಿ ಮಾರಯ್ಯನಿಗೆ ಹೇಳಿದವಳು ಆಯ್ದಕ್ಕಿ ಲಕ್ಕಮ್ಮ. ಅವಳ ಕಣ್ಣಳತೆಯ ಹಿಂದೆ ಇದ್ದುದು ಧರ್ಮದ ಅಳತೆ. ಭದ್ರಾತೀರದ ಬಾಳೆಹೊನ್ನೂರಿನ ರಂಭಾಪುರಿ ಪೀಠದ ದಾಸೋಹವಾಗಲಿ, ನಮ್ಮ ಮನೆಯ ಪಂಕ್ತಿಯಾಗಲಿ, ಬಂದವರಿಗೆ ಕೊರತೆಯಾಗಬಾರದು, ಪ್ರಸಾದ ಚೆಲ್ಲಬಾರದು.

ಆದುದರಿಂದ ತಾಯಂದಿರಲ್ಲಿ ನಮ್ಮದೊಂದು ವಿನಂತಿ. ಮನೆಯಲ್ಲಿ ಹಿರಿಯರಿರುವಾಗಲೇ ಅವರ ಸೇರು ಪಾವುಗಳನ್ನು ನೀರಿನಿಂದ ತುಂಬಿ ತೂಗಿರಿ. ಅಕ್ಕಿ, ಬೇಳೆ, ರವೆಗಳನ್ನೂ ಒಂದೊಂದಾಗಿ ತೂಗಿ ಅವರ ಪುಸ್ತಕದ ಅಂಚಿನಲ್ಲಿ ಬರೆದಿಡಿರಿ. ಮುಟ್ಟು ಸವೆದರೂ, ಕೈ ಮರೆಯಾದರೂ, ಆ ರುಚಿ ಮುಂದಿನವರ ದಾಸೋಹಕ್ಕೆ ಒದಗುವುದು.