ಗುಬ್ಬಿಯಲ್ಲದ ಗುಬ್ಬಿ

ಮಾಗಿಯ ಒಂದು ಮುಂಜಾನೆ, ಭದ್ರಾವತಿಯ ಹೊರವಲಯದ ಬಿದಿರುಮೆಳೆಯ ಬಳಿ, ಶಿವಮೊಗ್ಗೆಯಿಂದ ಬಂದ ವೃದ್ಧ ಉಪಾಧ್ಯಾಯರೊಬ್ಬರು ಶಿಷ್ಯನೊಡನೆ ನಿಂತಿದ್ದರು. ಪೊದೆಯ ಮೇಲೆ ಕಂದುಬಣ್ಣದ ಹಕ್ಕಿಯೊಂದು ಬಂದು ಕುಳಿತಿತು. ‘ಊರಗುಬ್ಬಿ, ಹೆಣ್ಣು’ ಎಂದು ಅವರು ಬರೆದುಕೊಂಡರು. ಅಮರಕೋಶದ ಚಟಕ, ಕಲವಿಂಕಗಳೆರಡೂ ಕಂಠಸ್ಥವಾಗಿದ್ದವರಿಗೆ ಗುಬ್ಬಿಯ ವಿಷಯದಲ್ಲಿ ಸಂದೇಹವೆಲ್ಲಿಯದು?

“ಮೇಷ್ಟ್ರೇ, ಎದೆಯ ಮೇಲೆ ಗೀರುಗಳಿವೆ, ನೋಡಿ” ಎಂದನು ಹುಡುಗ.

ನಿಜ. ಹೆಣ್ಣುಗುಬ್ಬಿಯ ಎದೆಗೆ ಗೀರುಗಳಿಲ್ಲ. ಅದರ ಕಣ್ಣಿನ ಹಿಂದಣ ತಿಳಿಪಟ್ಟೆ ಇದಕ್ಕಿಲ್ಲ. ಕೊಕ್ಕು ಗಿಡ್ಡ, ದಪ್ಪ. ಅಷ್ಟರಲ್ಲಿ ತಲೆ, ಕೊರಳು, ಎದೆಗಳೆಲ್ಲ ಕೆಂಪಾದ ಗಂಡು ಬಂದು ಪಕ್ಕದಲ್ಲಿ ಕುಳಿತು ವಿವಾದವನ್ನು ಮುಗಿಸಿತು. ಅದು ರೋಸ್‌ಫಿಂಚ್, ಹಿಮಾಲಯದಲ್ಲಿಯೂ ಅದರಾಚೆಯ ಶೀತಪ್ರದೇಶಗಳಲ್ಲಿಯೂ ಮರಿಮಾಡಿ, ಚಳಿಗಾಲಕ್ಕೆ ದಕ್ಷಿಣಕ್ಕಿಳಿಯುವ ಅತಿಥಿ, ಬಿದಿರಕ್ಕಿಯನ್ನು ಬಲ್ಲ ಹಕ್ಕಿ. 1770ರಲ್ಲಿ ಪಲ್ಲಾಸನು ಇತ್ತ ‘ಎರಿಥ್ರಿನ’ ಎಂಬ ಶಾಸ್ತ್ರನಾಮವೂ ಕೆಂಪನ್ನೇ ಹೇಳುತ್ತದೆ. ಬಡಪಾಯಿ ಹೆಣ್ಣಿಗೆ ಅಲ್ಲಿಯೂ ಸ್ಥಾನವಿಲ್ಲ!

ಉಪಾಧ್ಯಾಯರು ಬರೆದುದನ್ನು ಹೊಡೆದುಹಾಕಿ, ಹೊಸ ಹೆಸರಿನ ಮುಂದೆ ‘ಗುರುತಿಸಿದವನು’ ಎಂದು ಶಿಷ್ಯನ ಹೆಸರನ್ನು ಬರೆದರು. ಬಳಿಕ ಹಿಂದಿನ ಪುಟಗಳನ್ನು ತಿರುವಿದರು. ಕಳೆದ ಮೂರು ಚಳಿಗಾಲಗಳಲ್ಲಿ ಅದೇ ಮೆಳೆಯ ಬಳಿ ಕಂಡ ‘ಊರಗುಬ್ಬಿ’ಗಳಿಗೆಲ್ಲ ಒಂದೊಂದಾಗಿ ಪ್ರಶ್ನಚಿಹ್ನೆ ಬಿದ್ದಿತು.