ಮುಟ್ಟಬ್ಯಾಡ

ನಮ್ಮೂರ ಹೈಸ್ಕೂಲಿನಲ್ಲಿ ಒಂದು ಗಾಜಿನ ಬೀರು ಇತ್ತು. ಅದರೊಳಗೆ ಶ್ರುತಿಕವೆ, ಪ್ರನಾಳ, ಲೆನ್ಸು, ಅಯಸ್ಕಾಂತ. ಬೀರಿಗೆ ಬೀಗ. ಬೀಗದ ಕೈ ಹೆಡ್‌ಮೇಷ್ಟ್ರ ಜೇಬಿನಲ್ಲಿ. ಮೂರು ವರ್ಷ ನಾನು ಆ ಗಾಜಿಗೆ ಮೂಗು ಒತ್ತಿ ನಿಂತು ವಿಜ್ಞಾನ ಕಲಿತೆ.

ಇಲಾಖೆಯ ಸಾಹೇಬರು ಬರುವ ಹಿಂದಿನ ದಿನ ಮಾತ್ರ ಬೀಗ ತೆಗೆಯುತ್ತಿದ್ದರು. ನೆಲ ಒರೆಸೋಕೆ, ಬೆಂಚು ಎತ್ತೋಕೆ ನಮ್ಮ ಕೇರಿ ಹುಡುಗರು. ಬೀರಿನ ಸಾಮಾನು ಒರೆಸೋಕೆ ಬೇರೆ ಹುಡುಗರು. ಒಂದು ಸಲ ತಡೆಯಲಾರದೆ ಶ್ರುತಿಕವೆಗೆ ಕೈ ಹಾಕಿದೆ. "ಏಯ್, ಮುಟ್ಟಬ್ಯಾಡ!"

ಆ ಮಾತು ನಮ್ಮ ಮನೆಗೆ ಹೊಸದಲ್ಲ. ಊರ ಬಾವಿಕಟ್ಟೆಯಲ್ಲಿ, ಹೋಟೆಲಿನ ಲೋಟದ ಮುಂದೆ, ಗುಡಿ ಬಾಗಿಲಲ್ಲಿ ನನ್ನ ತಾತ ಕೇಳಿದ್ದೂ ಅದೇ ಮಾತು. ಸಾಮಾನು ಒಡೀತದೆ ಅಂತ ಗದರಿದರೋ, ನನ್ನ ಕೈ ಯಾವ ಕೇರಿಯದು ಅಂತ ಗದರಿದರೋ, ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಾಗದ ಹಾಗೆ ಗದರೋದೇ ಈ ಕಾಲದ ಜಾಣತನ.

1927ರ ಮಾರ್ಚ್ 20ರಂದು ಮಹಾಡದಲ್ಲಿ ಬಾಬಾಸಾಹೇಬರು ಚೌದಾರ್ ಕೆರೆಗೆ ಇಳಿದು ಬೊಗಸೆಯಲ್ಲಿ ನೀರು ಕುಡಿದರು. ಮುಟ್ಟುವುದೂ ಒಂದು ಹಕ್ಕು ಅಂತ ಆ ಬೊಗಸೆ ಹೇಳಿತು. ವಿಜ್ಞಾನವೂ ಅದನ್ನೇ ಹೇಳುತ್ತದೆ. ದೊಡ್ಡವರು ಹೇಳಿದ್ದಾರೆ ನಂಬು ಅನ್ನೋದು ಪುರಾಣ. ನೀನೇ ಮುಟ್ಟು, ಅಳೆ, ತಪ್ಪಿದ್ದರೆ ಹೇಳು ಅನ್ನೋದು ವಿಜ್ಞಾನ. ಮುಟ್ಟಬಾರದವನಿಗೆ ಇದನ್ನು ಹೇಗೆ ಕಲಿಸುತ್ತೀರಿ?

ಹಾಸ್ಟೆಲಿನ ಅನ್ನ ತಿಂದು ಬಿ.ಎಸ್ಸಿ.ಗೆ ಸೇರಿದೆ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಕಾಲು ನನ್ನದು. ಅಲ್ಲಿ ಸೋನೋಮೀಟರ್ ಕಂಡೆ. ಉದ್ದನೆಯ ಮರದ ಪೆಟ್ಟಿಗೆ, ಮೇಲೆ ಬಿಗಿದ ತಂತಿ, ತುದಿಗೆ ತೂಕ. ತೂಕ ನಾಲ್ಕು ಪಟ್ಟಾದರೆ ತಂತಿಯ ಕಂಪನ ಎರಡು ಪಟ್ಟಾಗುತ್ತದೆ. ತಂತಿಯ ಮೇಲೆ ಕಾಗದದ ಚೂರು ಕೂರಿಸಿ, ಬಡಿದ ಶ್ರುತಿಕವೆಯ ಬುಡವನ್ನು ಪೆಟ್ಟಿಗೆಗೆ ಊರಬೇಕು. ಎರಡರ ಶ್ರುತಿ ಕೂಡಿದ ಗಳಿಗೆಯಲ್ಲಿ ಕಾಗದ ನೆಗೆದು ಬೀಳುತ್ತದೆ. ಅದು ನೆಗೆದಾಗ ನನಗೆ ಅಪ್ಪನ ತಮಟೆ ನೆನಪಾಯಿತು.

ಅಪ್ಪ ತಮಟೆ ಬಡಿಯೋ ಮುಂಚೆ ಹುಲ್ಲಿನ ಉರಿಗೆ ಹಿಡಿಯೋನು. ಬಿಸಿಗೆ ತೊಗಲಿನ ತೇವ ಹೋಗಿ ತೊಗಲು ಬಿಗಿಯುತ್ತದೆ. ಬಿಗಿದಷ್ಟೂ ಸದ್ದು ಏರುತ್ತದೆ. ಹೆಬ್ಬೆರಳಲ್ಲಿ ಒತ್ತಿ ನೋಡಿ, ಸಾಲದು ಅಂದರೆ ಮತ್ತೆ ಕಾಸೋನು. ಸೋನೋಮೀಟರಿನ ನಿಯಮ ಅಪ್ಪನ ಹೆಬ್ಬೆರಳಲ್ಲಿ ಇತ್ತು. ಪುಸ್ತಕದಲ್ಲಿ ಅಪ್ಪ ಇರಲಿಲ್ಲ.

ಆಮೇಲೆ ಓದಿ ತಿಳಿದೆ. 1972ರಲ್ಲಿ ಮಧ್ಯಪ್ರದೇಶದ ಆಗಿನ ಹೋಶಂಗಾಬಾದ್ ಜಿಲ್ಲೆಯ 16 ಶಾಲೆಗಳಲ್ಲಿ ಕಿಶೋರ ಭಾರತಿ ಮತ್ತು ಫ್ರೆಂಡ್ಸ್ ರೂರಲ್ ಸೆಂಟರ್‌ನವರು ಹೊಸ ವಿಜ್ಞಾನ ಪಾಠ ಶುರು ಮಾಡಿದರು. ಹಳ್ಳಿ ಮಕ್ಕಳು ಗುಂಪು ಕೂತು, ಅಗ್ಗದ ಸಾಮಾನಿನಲ್ಲಿ ತಾವೇ ಪ್ರಯೋಗ ಮಾಡೋದು, ಕಂಡದ್ದನ್ನು ತಾವೇ ಬರೆಯೋದು. ಪರೀಕ್ಷೆಯಲ್ಲಿ ಪುಸ್ತಕ ತೆರೆದಿಡಬಹುದಿತ್ತು. 1978ರಲ್ಲಿ ಅದು ಇಡೀ ಜಿಲ್ಲೆಗೆ ಹಬ್ಬಿತು. 1982ರಲ್ಲಿ ಅದನ್ನು ಮುಂದುವರಿಸಲು ಹುಟ್ಟಿದ ಸಂಸ್ಥೆಯ ಹೆಸರು ಏಕಲವ್ಯ. ಹೆಬ್ಬೆರಳು ಕಳಕೊಂಡವನ ಹೆಸರು! 2002ರಲ್ಲಿ ಸರ್ಕಾರ ಆ ಪಾಠವನ್ನು ನಿಲ್ಲಿಸಿತು. ಮೂವತ್ತು ವರ್ಷದ ಕೆಲಸ ಒಂದು ಆದೇಶಕ್ಕೆ ಹೋಯಿತು.

ಪದವಿ ಮುಗಿಸಿ ಕೇರಿಗೆ ಬಂದ ಮೇಲೆ ಸಂಜೆ ಹೊತ್ತು ಮಕ್ಕಳನ್ನು ಕೂರಿಸಿಕೊಳ್ಳತೊಡಗಿದೆ. ಒಂದು ಸಂಜೆ ಅಟ್ಟದಿಂದ ತಮಟೆ ಇಳಿಸಿದೆ. ಚಿಕ್ಕಪ್ಪನ ಮನೆಯಿಂದ ಇನ್ನೊಂದು ತಂದೆ. ಅಪ್ಪ ನೋಡಿ ಕೆಂಡವಾದ.

"ಏನ್ಲಾ ಇದು? ಹೆಣದ್ ಮುಂದೆ ಇದ್ನ ಬಡಿಯೋದು ಬಿಟ್ಟಿದ್ದಕ್ಕೆ ಊರೋರು ಒಂದ್ ವರ್ಸ ಕೂಲಿಗೆ ಕರೀನಿಲ್ಲ. ಉಪಾಸ ಬಿದ್ದು ಬಿಟ್ಟಿದ್ದೀವಿ. ಓದ್ದೋನು ನೀನು, ಅದ್ನೇ ಮಕ್ಕಳ ಕೈಗೆ ಕೊಡ್ತೀಯಾ?"

ನನ್ನ ಬಾಯಿ ಕಟ್ಟಿತು. ಅಪ್ಪ ಹೇಳಿದ್ದು ಸುಳ್ಳಲ್ಲ. ಕೈಯಿಂದ ಕಲಿಯಿರಿ ಅಂತ ಈಗ ಎಲ್ಲರೂ ಹೇಳುತ್ತಾರೆ. ನಮ್ಮ ಕೈಗಳು ಶತಮಾನಗಳಿಂದ ಕೆಲಸದಲ್ಲೇ ಇವೆ. ಚರಂಡಿಗೆ ಇಳಿದದ್ದೂ ಅವೇ, ಸತ್ತ ದನ ಹೊತ್ತದ್ದೂ ಅವೇ. ಕೈಗೆ ಕೆಲಸ ಕೊಟ್ಟವರು ಪ್ರಶ್ನೆ ಕೇಳೋ ಬಾಯಿ, ಬರೆಯೋ ಪುಸ್ತಕ ಎರಡನ್ನೂ ಕಿತ್ತುಕೊಂಡರು. ಆ ಎರಡು ಬಾರದೆ ಬರೀ ತಮಟೆ ಬಂದರೆ ಅದು ಹಳೇ ಚಾಕರಿಯೇ.

"ಬಡಿಯೋಕಲ್ಲ ಅಪ್ಪ, ಕೇಳೋಕೆ" ಅಂದೆ. ಅಪ್ಪ ಮಾತಾಡದೆ ಜಗುಲಿ ಮೇಲೆ ಕೂತ.

ಒಂದು ತಮಟೆ ಮಲಗಿಸಿ ಅದರ ಮೇಲೆ ರಾಗಿ ಚೆಲ್ಲಿದೆವು. ಗೇಣು ದೂರದಲ್ಲಿ ಇನ್ನೊಂದನ್ನು ಬಡಿದೆ. ರಾಗಿ ಸುಮ್ಮನೆ ಮಲಗಿತ್ತು. ಮತ್ತೆ ಬಡಿದೆ. ಒಂದೆರಡು ಕಾಳು ಅಲ್ಲಾಡಿದವು, ಅಷ್ಟೆ. ಮಕ್ಕಳು ಮುಸಿಮುಸಿ ನಕ್ಕರು. ಅಪ್ಪನಿಗೆ ತಡೆಯಲಾಗಲಿಲ್ಲ.

"ಮಳೆಗಾಲದಾಗೆ ತೊಗಲು ನೀರು ಕುಡಿದದೆ ಕಣ್ಲಾ. ಕೊಡು ಇಲ್ಲಿ."

ಎರಡನ್ನೂ ಉರಿಗೆ ಹಿಡಿದ. ಹೆಬ್ಬೆರಳಲ್ಲಿ ಒತ್ತಿದ. ಎರಡರ ಸದ್ದೂ ಒಂದೇ ಆಗುವವರೆಗೆ ಕಾಸಿ ಕೊಟ್ಟ. ಈಗ ಒಂದನ್ನು ಬಡಿದರೆ ಇನ್ನೊಂದರ ಮೇಲೆ ರಾಗಿ ಕುಣಿಯಿತು! ಐದನೇ ಕ್ಲಾಸಿನ ಹುಡುಗಿ ಕಣ್ಣರಳಿಸಿ ಕೇಳಿದಳು: "ಅಣ್ಣಾ, ಮುಟ್ಟದೇನೆ ಹೆಂಗೆ ಕುಣೀತು?"

ಉತ್ತರ ನಾನು ತಕ್ಷಣ ಹೇಳಲಿಲ್ಲ. ನಡುವೆ ಏನಿದೆ ನೋಡು ಅಂದೆ. ಅವಳು ಕೈ ಆಡಿಸಿ ನೋಡಿದಳು. "ಗಾಳಿ" ಅಂದಳು. ಆಮೇಲೆ ಬರೆದಳು: ತೊಗಲು ನೀರು ಕುಡಿದರೆ ಸದ್ದು ದಪ್ಪ, ಬೆಂಕಿಗೆ ಕಾಸಿದರೆ ಸದ್ದು ಸಣ್ಣ, ಗಾಳಿ ಸದ್ದನ್ನ ಹೊತ್ಕೊಂಡು ಹೋಗ್ತದೆ. ಅಪ್ಪ ಅದನ್ನು ಓದಿಸಿ ಕೇಳಿದ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾರು ಹೇಳ್ಕೊಟ್ರು ಅಂತಾನೂ ಬರ್ಕೊ ಮಗ" ಅಂದ.

2016ರಿಂದ ಆಯ್ದ ಶಾಲೆಗಳಿಗೆ ಅಟಲ್ ಟಿಂಕರಿಂಗ್ ಲ್ಯಾಬ್ ಬರುತ್ತಿವೆ. ಮೂರು ಆಯಾಮದ ಪ್ರಿಂಟರ್, ರೋಬೋಟು ಎಲ್ಲ ಬರಲಿ. ನಮ್ಮ ಮಕ್ಕಳಿಗೂ ಬೇಕು. ತಮಟೆ ಒಂದೇ ಸಾಕು ಅಂತ ನಾನು ಹೇಳುತ್ತಿಲ್ಲ. ಆದರೆ ಯಾವ ಕೋಣೆಗೂ ಒಂದು ಬಾಗಿಲಿರುತ್ತದೆ, ಬಾಗಿಲಿಗೆ ಬೀಗ ಇರುತ್ತದೆ.

ಹಳ್ಳಿ ಶಾಲೆಯ ಮೇಷ್ಟ್ರಾಗಿರುವ ಗೆಳೆಯರೆ, ನಿಮ್ಮ ಬೀರಿನ ಬೀಗದ ಕೈ ಈಗ ಎಲ್ಲಿದೆ? ನಾಳೆ ತೆಗೆಯಿರಿ. ನೆಲ ಒರೆಸುವ ಹುಡುಗನ ಕೈಗೆ ಮೊದಲು ಶ್ರುತಿಕವೆ ಕೊಡಿ. ಪ್ರನಾಳ ಒಡೆದರೆ ಒಡೆಯಲಿ, ಇನ್ನೊಂದು ತರಬಹುದು.