ಮಳೆಯ ಊರಿನ ಮರದ ಕಂಬಗಳು

ಕಡಲು, ಕಾಡು, ಮಳೆ ಈ ಮೂರೂ ಒಂದೆಡೆ ಕೂಡಿದ ನಾಡನ್ನು ಕಾಣಲು ಕನ್ನಡಿಗರು ಬಹುದೂರ ಹೋಗಬೇಕಾಗಿಲ್ಲ. ಧಾರವಾಡದಿಂದ ಬೆಳಗಿನ ಬಸ್ಸು ಹಿಡಿದರೆ ಯಲ್ಲಾಪುರ ದಾಟಿ, ಘಟ್ಟವಿಳಿದು, ಮಧ್ಯಾಹ್ನದ ಹೊತ್ತಿಗೆ ಅಂಕೋಲೆಯ ಕಡಲನ್ನು ಕಾಣಬಹುದು. ಆದರೂ 2023ರ ಆಗಸ್ಟ್ ತಿಂಗಳಿನಲ್ಲಿ ನಾನೂ ನನ್ನ ಮಡದಿಯೂ ಅಂಥದೇ ಒಂದು ನಾಡನ್ನು ನೋಡಲು ಭೂಮಿಯ ಇನ್ನೊಂದು ಮಗ್ಗುಲಿಗೆ ಹೋಗಿದ್ದೆವು. ಅದು ಅಮೆರಿಕೆಯ ಅಲಾಸ್ಕಾ ರಾಜ್ಯದ ಆಗ್ನೇಯ ತುದಿಯಲ್ಲಿರುವ ಕೆಚಿಕನ್ ಎಂಬ ಸಣ್ಣ ಪಟ್ಟಣ. ಅಲಾಸ್ಕಾ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಹಿಮ. ಆದರೆ ಕೆಚಿಕನ್ ಹಿಮದ ಊರಲ್ಲ, ಮಳೆಯ ಊರು.

ಸಿಯಾಟಲ್ ನಗರದಲ್ಲಿರುವ ಮಗಳ ಮನೆಗೆ ನಾವು ಹೋಗಿದ್ದಾಗ ಈ ಪ್ರವಾಸವನ್ನು ಅವಳೇ ಗೊತ್ತುಮಾಡಿದಳು. “ದೊಡ್ಡ ಹಡಗಿನಲ್ಲಿ ಹೋದರೆ ಸಾವಿರಾರು ಜನರ ಹಿಂದೆ ಓಡಬೇಕಾದೀತು ಅಪ್ಪಾ. ನಿಮ್ಮಿಬ್ಬರಿಗಾಗಿಯೇ ಅಲ್ಲಿಯ ಒಬ್ಬ ಮಾರ್ಗದರ್ಶಿಯನ್ನು ಗೊತ್ತುಮಾಡುತ್ತೇನೆ, ಸಾವಕಾಶವಾಗಿ ನೋಡಿ ಬನ್ನಿ” ಎಂದಳು. ಹನ್ನೊಂದು ವರ್ಷದ ಮೊಮ್ಮಗನನ್ನೂ ನಮ್ಮೊಡನೆ ಕಳಿಸಿದಳು. ಸಿಯಾಟಲ್‌ನಿಂದ ಅಲ್ಲಿಗೆ ವಿಮಾನದಲ್ಲಿ ಸುಮಾರು 2 ಗಂಟೆಯ ದಾರಿ. ವಿಮಾನ ನಿಲ್ದಾಣವಿರುವುದು ಒಂದು ದ್ವೀಪದಲ್ಲಿ, ಊರು ಇರುವುದು ಇನ್ನೊಂದರಲ್ಲಿ. ನಡುವೆ ಇರುವ ಕಿರಿದಾದ ಕಡಲಿನ ಕವಲನ್ನು ಲಾಂಚಿನಲ್ಲಿ ಕೆಲವೇ ನಿಮಿಷಗಳಲ್ಲಿ ದಾಟಬೇಕು. ಹೊರಜಗತ್ತಿನಿಂದ ಈ ಊರಿಗೆ ರಸ್ತೆಯೇ ಇಲ್ಲ; ಬರುವವರು ದೋಣಿಯಲ್ಲಿಯೋ ವಿಮಾನದಲ್ಲಿಯೋ ಬರಬೇಕು. ಇಲ್ಲಿಯ ಜನಸಂಖ್ಯೆ ಸುಮಾರು 8,000. ಬೇಸಗೆಯ ತಿಂಗಳುಗಳಲ್ಲಿ ಹಡಗುಗಳಿಂದ ಇಳಿಯುವ ಪ್ರವಾಸಿಗಳಾದರೋ 10 ಲಕ್ಷಕ್ಕೂ ಹೆಚ್ಚು!

ನಮ್ಮ ಮಾರ್ಗದರ್ಶಿ ಐವತ್ತು ದಾಟಿದ ಹೆಣ್ಣುಮಗಳು. ಈ ತೀರದ ಮೂಲನಿವಾಸಿಗಳಾದ ಟ್ಲಿಂಗಿಟ್ ಜನಾಂಗದವರು. ಕಾಲಿಗೆ ರಬ್ಬರಿನ ಎತ್ತರದ ಬೂಟು, ಮೈಮೇಲೆ ಮಳೆಯಂಗಿ. ಕೊಡೆ ಬಿಚ್ಚಿದ ನನ್ನನ್ನು ನೋಡಿ ನಕ್ಕು, “ಇಲ್ಲಿ ಕೊಡೆ ಹಿಡಿದವರೆಲ್ಲ ಪರಊರಿನವರು” ಎಂದರು. ಕೆಚಿಕನ್‌ನಲ್ಲಿ ವರ್ಷಕ್ಕೆ ಸುಮಾರು 3,800 ಮಿಲಿಮೀಟರ್ ಮಳೆಯಾಗುತ್ತದೆ. ನಮ್ಮ ಆಗುಂಬೆಯಲ್ಲಿ 7,000 ಮಿಲಿಮೀಟರಿಗೂ ಹೆಚ್ಚು ಬೀಳುವುದುಂಟು. ಆದರೆ ಆಗುಂಬೆಯ ಮಳೆ ಮುಖ್ಯವಾಗಿ ನಾಲ್ಕು ತಿಂಗಳ ಅತಿಥಿ. ಇಲ್ಲಿಯ ಮಳೆ ಹನ್ನೆರಡು ತಿಂಗಳೂ ಮನೆಯ ಮಗಳು. ಊರವರು ಅದನ್ನು ಪ್ರೀತಿಯಿಂದ ‘ನೀರಾದ ಬಿಸಿಲು’ ಎಂದು ಕರೆಯುತ್ತಾರೆ.

ಬೆಟ್ಟಕ್ಕೂ ಕಡಲಿಗೂ ನಡುವೆ ಸಮತಟ್ಟಾದ ನೆಲವೇ ಇಲ್ಲದ್ದರಿಂದ ಊರಿನ ಎಷ್ಟೋ ಕಟ್ಟಡಗಳು ನೀರಿನಲ್ಲಿ ನೆಟ್ಟ ಮರದ ಕಂಬಗಳ ಮೇಲೆ ನಿಂತಿವೆ. ಕೆಲವು ಬೀದಿಗಳು ಬೀದಿಗಳೇ ಅಲ್ಲ, ಗುಡ್ಡವನ್ನೇರುವ ಮರದ ಮೆಟ್ಟಿಲುಗಳು. ಬಹುಹಿಂದೆ ಟ್ಲಿಂಗಿಟ್ ಜನರು ಬೇಸಗೆಯಲ್ಲಿ ಮೀನು ಹಿಡಿಯಲು ಬಂದು ಬೀಡುಬಿಡುತ್ತಿದ್ದ ತಾಣವಿದು. 1880ರ ದಶಕದಲ್ಲಿ ಬಿಳಿಯರು ಇಲ್ಲಿ ಮೀನನ್ನು ಡಬ್ಬಿಗೆ ತುಂಬುವ ಕಾರ್ಖಾನೆ ತೆರೆದರು. 1900ರಲ್ಲಿ ಇದು ಪಟ್ಟಣವೆನಿಸಿತು.

ಊರ ನಡುವೆ ಹರಿಯುವ ಹಳ್ಳದ ಸೇತುವೆಯ ಮೇಲೆ ಅವರು ನಮ್ಮನ್ನು ನಿಲ್ಲಿಸಿದರು. ಕೆಳಗೆ ನೋಡಿದರೆ ನೀರೇ ಕಪ್ಪಾಗಿ ಹೊರಳುತ್ತಿತ್ತು. ಅದು ನೀರಲ್ಲ, ಮೀನು. ಸಾಲ್ಮನ್ ಮೀನುಗಳು ಸಾವಿರ ಸಾವಿರವಾಗಿ ಪ್ರವಾಹಕ್ಕೆ ಎದುರಾಗಿ ಈಜುತ್ತಿದ್ದವು. ಈ ತೀರದಲ್ಲಿ ಐದು ಬಗೆಯ ಸಾಲ್ಮನ್‌ಗಳುಂಟು. ನಾವು ಕಂಡದ್ದು ಅವುಗಳಲ್ಲಿ ಚಿಕ್ಕದಾದ ಗುಲಾಬಿ ಸಾಲ್ಮನ್. ಇವು ಹಳ್ಳದಲ್ಲಿ ಹುಟ್ಟಿ, ಕಡಲಿಗಿಳಿದು, ಅಲ್ಲಿ ಬೆಳೆದು, ಎರಡನೆಯ ವರ್ಷ ಹುಟ್ಟಿದ ನೀರಿನ ವಾಸನೆಯನ್ನೇ ಹಿಡಿದು ಮರಳುತ್ತವೆ. ಸಿಹಿನೀರನ್ನು ಹೊಕ್ಕ ಮೇಲೆ ಆಹಾರ ಮುಟ್ಟುವುದಿಲ್ಲ. ಮೊಟ್ಟೆಯಿಟ್ಟ ಕೆಲವೇ ದಿನಗಳಲ್ಲಿ ಸಾಯುತ್ತವೆ. ಮೀನನ್ನು ಮನೆಯ ಹೊಸ್ತಿಲ ಹತ್ತಿರವೂ ಕಾಣದ ನನ್ನ ಮಡದಿ ಬಹಳ ಹೊತ್ತು ಅವನ್ನೇ ನೋಡುತ್ತ ನಿಂತಳು. “ಇಷ್ಟು ಕಷ್ಟಪಟ್ಟು ಬರೋದು ಸಾಯಲಿಕ್ಕೇನು?” ಎಂದಳು. ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಮಾರ್ಗದರ್ಶಿ ಉತ್ತರ ಕೊಡದೆ, “ಬನ್ನಿ, ಕಾಡಿಗೆ ಹೋಗೋಣ” ಎಂದರು.

ಊರಿನಿಂದ ಉತ್ತರಕ್ಕೆ ಹತ್ತು ಹನ್ನೆರಡು ಕಿಲೋಮೀಟರ್ ದೂರದಲ್ಲಿ ವಾರ್ಡ್ ಸರೋವರವಿದೆ. ಅದರ ಸುತ್ತಲೂ ಕಾಲುದಾರಿ. ಸ್ಪ್ರೂಸ್, ಹೆಮ್ಲಾಕ್, ಸೀಡರ್ ಮರಗಳು ಮುಗಿಲಿಗೆ ಮುಟ್ಟುವಂತೆ ನಿಂತಿವೆ. ಕಾಂಡ, ಕೊಂಬೆ, ಕಲ್ಲು ಎಲ್ಲವೂ ಹಸಿರು ಪಾಚಿಯನ್ನು ಹೊದ್ದಿವೆ. ನಮ್ಮ ಸಹ್ಯಾದ್ರಿಯ ಕಾಡಿನಲ್ಲಿ ಜೀರುಂಡೆಯ ಸದ್ದು ಕಿವಿ ತುಂಬುತ್ತದೆ. ಇಲ್ಲಿ ಹನಿ ತೊಟ್ಟಿಕ್ಕುವ ಸದ್ದನ್ನು ಬಿಟ್ಟರೆ ಮೌನ. ದಾರಿಯ ಬದಿಗೆ ಬಿದ್ದ ಒಂದು ಹೆಮ್ಮರದ ಮೈಮೇಲೆ ಎಳೆಯ ಸಸಿಗಳು ಸಾಲಾಗಿ ಬೆಳೆದಿದ್ದವು. ಇಂಥ ಮರವನ್ನು ಅಲ್ಲಿಯವರು ‘ದಾದಿಮರ’ ಎಂಬ ಅರ್ಥದ ಮಾತಿನಿಂದ ಕರೆಯುತ್ತಾರೆ.

ಅಲ್ಲಿ ನಮ್ಮ ಪ್ರಶ್ನೆಗೆ ಉತ್ತರ ದೊರೆಯಿತು. ಕರಡಿಗಳು ಹಳ್ಳದಲ್ಲಿ ಮೀನು ಹಿಡಿದು ಕಾಡಿನೊಳಗೆ ಒಯ್ದು, ಅರ್ಧ ತಿಂದು ಬಿಡುತ್ತವೆ. ಉಳಿದುದು ಹದ್ದಿಗೆ, ಕಾಗೆಗೆ, ಹುಳಕ್ಕೆ, ಕೊನೆಗೆ ಮಣ್ಣಿಗೆ. ಹಳ್ಳದ ದಂಡೆಯ ಮರಗಳ ಎಲೆಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು ಅವುಗಳಲ್ಲಿರುವ ಸಾರಜನಕದ ಒಂದು ಪಾಲು ಕಡಲಿನಿಂದ, ಎಂದರೆ ಸಾಲ್ಮನ್‌ನಿಂದ, ಬಂದುದೆಂದು ಕಂಡುಕೊಂಡಿದ್ದಾರೆ. ಮರ ಹಳ್ಳಕ್ಕೆ ನೆರಳು ಕೊಟ್ಟು ನೀರನ್ನು ತಂಪಾಗಿಡುತ್ತದೆ. ಆ ತಂಪಿನಲ್ಲಿ ಮೀನಿನ ಮರಿ ಬದುಕುತ್ತದೆ. “ಮೀನು ಸಾಯಲು ಬರುವುದಿಲ್ಲ. ಪಡೆದದ್ದನ್ನು ಕೊಡಲು ಬರುತ್ತದೆ” ಎಂದು ಮಾರ್ಗದರ್ಶಿ ನನ್ನ ಮಡದಿಗೆ ಹೇಳಿದರು.

ಈ ಕಾಡು ಟಾಂಗಸ್ ರಾಷ್ಟ್ರೀಯ ಅರಣ್ಯದ ಭಾಗ. ಸುಮಾರು 1 ಕೋಟಿ 67 ಲಕ್ಷ ಎಕರೆಯ ಈ ಅರಣ್ಯ ಅಮೆರಿಕೆಯ ರಾಷ್ಟ್ರೀಯ ಅರಣ್ಯಗಳಲ್ಲೆಲ್ಲ ದೊಡ್ಡದು. ಇದೂ ಕೊಡಲಿಯನ್ನು ಕಾಣದೆ ಉಳಿದದ್ದಲ್ಲ. ಸಮೀಪದಲ್ಲಿಯೇ 1954ರಲ್ಲಿ ಆರಂಭವಾದ ಮರದ ತಿರುಳಿನ ಕಾರ್ಖಾನೆ 1997ರವರೆಗೂ ನಡೆಯಿತು. ಅದು ನೂರಾರು ಮನೆಗಳಿಗೆ ಅನ್ನ ನೀಡಿತು, ಅದರೊಡನೆ ಎಷ್ಟೋ ಬೆಟ್ಟಗಳನ್ನು ಬೋಳು ಮಾಡಿತು. ಅದು ಮುಚ್ಚಿದ ಮೇಲೆ ಪಟ್ಟಣವು ಹೆಚ್ಚು ಹೆಚ್ಚಾಗಿ ಪ್ರವಾಸಿಗಳನ್ನು ನೆಚ್ಚಿಕೊಂಡಿದೆ.

ಮಧ್ಯಾಹ್ನ ಮರದ ಚಾವಣಿಯೊಂದರ ಕೆಳಗೆ ಕುಳಿತು ಮಗಳು ಕಟ್ಟಿಕೊಟ್ಟಿದ್ದ ಚಪಾತಿ, ಶೇಂಗಾ ಚಟ್ನಿಪುಡಿಗಳನ್ನು ಬಿಚ್ಚಿದೆವು. ಮಾರ್ಗದರ್ಶಿಗೂ ಕೊಟ್ಟೆವು. ಅವರು ಮೆಚ್ಚಿ ತಿಂದು ‘ಗುನಾಲ್‌ಚೀಶ್’ ಎಂದರು. ಟ್ಲಿಂಗಿಟ್ ನುಡಿಯಲ್ಲಿ ಅದು ಕೃತಜ್ಞತೆಯ ಮಾತು. ಅವರ ಅಜ್ಜಿಯ ಕಾಲದ ಶಾಲೆಗಳಲ್ಲಿ ಆ ನುಡಿಯನ್ನಾಡಿದ ಮಕ್ಕಳಿಗೆ ಶಿಕ್ಷೆಯಾಗುತ್ತಿತ್ತಂತೆ. ಇಂದು ಅದನ್ನು ನಿರರ್ಗಳವಾಗಿ ಆಡುವವರು ತೀರ ವಿರಳ. 2014ರಲ್ಲಿ ಅಲಾಸ್ಕಾ ರಾಜ್ಯವು ಟ್ಲಿಂಗಿಟ್ ಸೇರಿದಂತೆ 20 ಮೂಲನಿವಾಸಿ ಭಾಷೆಗಳಿಗೆ ಅಧಿಕೃತ ಸ್ಥಾನ ಕೊಟ್ಟಿತು.

ಊಟದ ನಂತರ ಊರಿನ ದಕ್ಷಿಣಕ್ಕೆ ಸುಮಾರು 4 ಕಿಲೋಮೀಟರ್ ದೂರದ ಸ್ಯಾಕ್ಸ್‌ಮನ್ ಎಂಬ ಟ್ಲಿಂಗಿಟ್ ಹಳ್ಳಿಗೆ ಹೋದೆವು. ಅಲ್ಲಿ ಹುಲ್ಲಿನ ಬಯಲಿನ ಸುತ್ತ ಕೆತ್ತನೆಯ ಎತ್ತರದ ಕಂಬಗಳು ನಿಂತಿವೆ. ಇವನ್ನೇ ಟೋಟೆಮ್ ಕಂಬಗಳೆನ್ನುವುದು. ಕೆಂಪು ಸೀಡರ್ ಮರದ ಒಂದೇ ದಿಮ್ಮಿಯಲ್ಲಿ ಕಾಗೆ, ಹದ್ದು, ಕರಡಿ, ಕಪ್ಪೆ, ಮನುಷ್ಯ ಒಬ್ಬರ ತಲೆಯ ಮೇಲೊಬ್ಬರು ಕುಳಿತಿದ್ದಾರೆ. ಇವು ದೇವರ ಮೂರ್ತಿಗಳಿರಬೇಕೆಂದು ನಾನು ಭಾವಿಸಿದ್ದೆ. ಹಿಂದೆ ಬಂದ ಪಾದ್ರಿಗಳೂ ಹಾಗೆಯೇ ತಿಳಿದಿದ್ದರಂತೆ. ಇವಕ್ಕೆ ಪೂಜೆಯಿಲ್ಲ. ಇವು ವಂಶದ ಚರಿತ್ರೆ, ಸತ್ತವರ ಸ್ಮರಣೆ, ಕುಲದ ಹಕ್ಕುಬಾಧ್ಯತೆಗಳ ದಾಖಲೆ. ಟ್ಲಿಂಗಿಟ್ ಸಮಾಜದಲ್ಲಿ ಕಾಗೆ ಮತ್ತು ಹದ್ದು ಎಂಬ ಎರಡು ಪಂಗಡಗಳು. ಅವುಗಳೊಳಗೆ ಅನೇಕ ಕುಲಗಳು. ಕುಲ ಬರುವುದು ತಾಯಿಯಿಂದ. ನಮ್ಮಲ್ಲಿ ಸಂಬಂಧ ಕೂಡಿಸುವಾಗ ಬೆಡಗು ಕೇಳುವಂತೆ, ಅವರ ಸಂಪ್ರದಾಯದಲ್ಲಿಯೂ ಕಾಗೆಯವರು ಹದ್ದಿನವರಲ್ಲಿಯೇ ಲಗ್ನವಾಗಬೇಕು. ಒಂದು ಪಂಗಡದವರ ಕಂಬವನ್ನು ಇನ್ನೊಂದು ಪಂಗಡದವರು ಕೆತ್ತುವುದೂ, ಕಂಬ ನಿಲ್ಲಿಸಿದಾಗ ಊರನ್ನು ಕರೆದು ಉಣ್ಣಿಸಿ ಉಡುಗೊರೆ ಹಂಚುವುದೂ ಹಳೆಯ ರೂಢಿ.

ಉಂಡ ಋಣವನ್ನು ಮರೆತವರಿಗೂ ಇಲ್ಲಿ ಕಂಬವುಂಟು! 1867ರಲ್ಲಿ ರಶಿಯದಿಂದ ಅಲಾಸ್ಕಾವನ್ನು 72 ಲಕ್ಷ ಡಾಲರಿಗೆ ಕೊಂಡ ಅಮೆರಿಕೆಯ ಮಂತ್ರಿ ವಿಲಿಯಂ ಸೆವರ್ಡ್ 1869ರಲ್ಲಿ ಈ ತೀರಕ್ಕೆ ಬಂದಾಗ ಇಲ್ಲಿಯ ನಾಯಕರು ಅವನನ್ನು ಔತಣವಿಟ್ಟು ಗೌರವಿಸಿದರು. ಅವನು ಪ್ರತಿಯಾಗಿ ಏನನ್ನೂ ಮಾಡಲಿಲ್ಲ. ಅದಕ್ಕೆಂದು ಅವನ ಪ್ರತಿಮೆಯ ಮೂಗು, ಕಿವಿಗಳಿಗೆ ಕೆಂಪು ಬಳಿದು ಕಂಬದ ತುದಿಯಲ್ಲಿ ಕೂಡಿಸಿದರು. ಹಳೆಯದು ಶಿಥಿಲವಾದಾಗ, 2017ರಲ್ಲಿ, ಮರೆಯದೆ ಹೊಸದನ್ನು ಕೆತ್ತಿ ನಿಲ್ಲಿಸಿದ್ದಾರೆ. ಸಾಲ ಇನ್ನೂ ತೀರಿಲ್ಲ ಎಂದರ್ಥ.

ಮೊಮ್ಮಗ ಒಂದು ಕಂಬದ ಬಳಿ ನಿಂತು, ಅದರ ಕಥೆ ಹೇಳಿರೆಂದು ಕೇಳಿದ. ಮಾರ್ಗದರ್ಶಿ ಮೃದುವಾಗಿ ತಲೆಯಲ್ಲಾಡಿಸಿದರು. “ಆ ಕಥೆ ನನಗೆ ಗೊತ್ತು. ಆದರೆ ಅದು ನನ್ನದಲ್ಲ, ಬೇರೆ ಕುಲದವರದು. ಅವರ ಅಪ್ಪಣೆಯಿಲ್ಲದೆ ನಾನು ಹೇಳಬಾರದು” ಎಂದರು. ಕಥೆಯೂ ಆಸ್ತಿ! ಹೊಲಮನೆಗಳಂತೆ ಅದಕ್ಕೂ ಒಡೆಯರು, ಅದಕ್ಕೂ ಕಾವಲು. ನಾನು ನಿಂತಲ್ಲಿಯೇ ನಿಂತೆ.

ಸಂಜೆ ಪಟ್ಟಣಕ್ಕೆ ಮರಳಿ, 1976ರಲ್ಲಿ ತೆರೆದ ಟೋಟೆಮ್ ಪರಂಪರೆಯ ಸಂಗ್ರಹಾಲಯವನ್ನು ನೋಡಿದೆವು. ಜನರು ಶಾಲೆ, ಕೆಲಸಗಳನ್ನು ಅರಸಿ ಬಿಟ್ಟುಹೋದ ಹಳ್ಳಿಗಳಿಂದ ತಂದ ಹತ್ತೊಂಬತ್ತನೆಯ ಶತಮಾನದ ಕಂಬಗಳು ಅಲ್ಲಿವೆ. ಬಣ್ಣ ಹೋಗಿದೆ, ಮೈ ಬಿರಿದಿದೆ. ಹಿಂದೆ ಬಿದ್ದ ಕಂಬವನ್ನು ಎತ್ತಿ ನಿಲ್ಲಿಸುವ ರೂಢಿಯಿರಲಿಲ್ಲವಂತೆ. ಕಾಡಿನ ಮರ ಕಾಡಿಗೇ ಮರಳಲೆಂದು ಬಿಡುತ್ತಿದ್ದರು. ಆದರೆ ಎಲ್ಲ ಕಂಬಗಳಿಗೂ ಆ ಭಾಗ್ಯವಿರಲಿಲ್ಲ. 1899ರಲ್ಲಿ ಹ್ಯಾರಿಮನ್ ಎಂಬ ಧನಿಕನ ಹಡಗು ಕೇಪ್ ಫಾಕ್ಸ್ ಎಂಬ ಹಳ್ಳಿಗೆ ಬಂದಿತು. ಅದರಲ್ಲಿ ಹೆಸರಾಂತ ವಿದ್ವಾಂಸರೂ ಇದ್ದರು. ಊರಿನಲ್ಲಿ ಜನರಿಲ್ಲವೆಂದು ಕಂಬಗಳನ್ನು ಕಿತ್ತು ಹಡಗಿಗೆ ಹೇರಿದರು. ಅವು ದೂರದೂರದ ವಸ್ತುಸಂಗ್ರಹಾಲಯಗಳನ್ನು ಸೇರಿದವು. ಆ ಹಳ್ಳಿಯ ವಂಶಜರೇ ಸ್ಯಾಕ್ಸ್‌ಮನ್‌ನಲ್ಲಿ ನೆಲೆಸಿದವರು. ನೂರೆರಡು ವರ್ಷಗಳ ಬಳಿಕ, 2001ರಲ್ಲಿ, ಕಂಬಗಳು ಅವರಿಗೆ ಹಿಂದಿರುಗಿದವು. ಕಂಬವನ್ನು ಮರಳಿಸಿದ ಶಿಕಾಗೋ ನಗರದ ಫೀಲ್ಡ್ ಸಂಗ್ರಹಾಲಯಕ್ಕೆ ಇವರು ಬರಿಗೈ ತೋರಿಸಲಿಲ್ಲ. ಸೀಡರಿನ ದಿಮ್ಮಿಯೊಂದನ್ನು ಕೊಟ್ಟರು. ಹೆಸರಾಂತ ಟ್ಲಿಂಗಿಟ್ ಶಿಲ್ಪಿ ನೇಥನ್ ಜ್ಯಾಕ್ಸನ್ ಮಗನೊಡನೆ ಅದರಲ್ಲಿ ಹೊಸ ಕಂಬ ಕೆತ್ತಿಕೊಟ್ಟರು.

ಈಗ ನನ್ನ ತಪ್ಪೊಂದನ್ನು ಓದುಗರ ಮುಂದೆ ಹೇಳಲೇಬೇಕು. ನಮ್ಮ ಹಳ್ಳಿಯ ಮನೆಯ ಪಡಸಾಲೆಯಲ್ಲಿ ಸಾಗುವಾನಿಯ ಆರು ಕಂಬಗಳಿದ್ದವು. ಗಿಳಿ, ತಾವರೆ, ಬಳ್ಳಿಗಳ ಕೆತ್ತನೆ. ತಂದೆಯವರು ತೀರಿಕೊಂಡ ಮೇಲೆ, 2009ರಲ್ಲಿ, ಅಣ್ಣತಮ್ಮಂದಿರು ಪಾಲಾದಾಗ ಮನೆ ಕೆಡವಿದೆವು. ಹಳೆಯ ಸಾಮಾನು ಕೊಳ್ಳುವವನೊಬ್ಬ ಪಟ್ಟಣದಿಂದ ಲಾರಿ ತಂದ. ಹಣವನ್ನು ಸಮನಾಗಿ ಹಂಚಿಕೊಂಡೆವು; ಅಂದು ಅದು ನ್ಯಾಯವೆಂದೇ ತೋರಿತ್ತು. ಇವರ ಕಂಬಗಳನ್ನು ಪರರು ಕದ್ದೊಯ್ದರು. ನಮ್ಮವನ್ನು ನಾವೇ ಲಾರಿಗೆ ಎತ್ತಿಕೊಟ್ಟೆವು.

ಸಂಗ್ರಹಾಲಯದಿಂದ ಹೊರಬಂದಾಗ ಮೊಮ್ಮಗ ಕೇಳಿದ: “ಅಜ್ಜಾ, ನಮ್ಮ ಮನೆಯಲ್ಲಿಯೂ ಕಂಬಗಳಿದ್ದವೆಂದು ಅವ್ವ ಹೇಳಿದ್ದಳು. ಅವುಗಳ ಮೇಲೆ ಏನಿತ್ತು?” ಗಿಳಿಯಿತ್ತು ಎಂದೆ. “ಗಿಳಿಯೇ ಏಕೆ? ಕೆತ್ತಿದವರು ಯಾರು?” ನನ್ನಲ್ಲಿ ಉತ್ತರವಿರಲಿಲ್ಲ. ಅವನ್ನು ಒರಗಿ ಕುಳಿತು ಓದಿದವನು, ಆಡಿದವನು ನಾನು. ಬೆಲೆ ನೆನಪಿತ್ತು, ಕಥೆ ನೆನಪಿರಲಿಲ್ಲ.

ಆ ರಾತ್ರಿ ಎಂಟು ಗಂಟೆಗೆ, ನಮ್ಮಲ್ಲಿ ಮರುದಿನದ ಬೆಳಗು, ಊರಲ್ಲಿರುವ ನನ್ನ ಹಿರಿಯ ಅಕ್ಕನಿಗೆ ಫೋನು ಮಾಡಿದೆ. ಅವಳಿಗೆ 84 ವರ್ಷ. “ಈಗ ನೆನಪಾತೇನೋ ತಮ್ಮಾ?” ಎಂದು ನಕ್ಕಳು. ಆಮೇಲೆ ಅರ್ಧ ಗಂಟೆ ಹೇಳಿದಳು. ಕೆತ್ತಿದವನು ನೆರೆಯ ಹಳ್ಳಿಯ ಬಡಿಗ. ಬರಗಾಲದ ವರ್ಷ ನಮ್ಮ ಮುತ್ತಜ್ಜ ಅವನ ಮನೆಗೆ ಎರಡು ವರ್ಷ ಜೋಳ ಅಳೆದಿದ್ದ. ಮಳೆ ಬಂದ ಮೇಲೆ ಅವನು ಋಣ ತೀರಿಸಲೆಂದು ತಾನಾಗಿ ಬಂದು ಕಂಬ ಕೆತ್ತಿಕೊಟ್ಟ. ಕೊನೆಯ ಕಂಬದ ಗಿಳಿಯ ಕೊಕ್ಕಿನಲ್ಲಿ ಒಂದು ಜೋಳದ ತೆನೆಯನ್ನು ಕೆತ್ತಿದ್ದನಂತೆ. ಆ ತೆನೆಯನ್ನು ನಾನು ಎಷ್ಟೋ ಸಲ ಬೆರಳಿನಿಂದ ಸವರಿದ್ದೆ, ಹೂವೆಂದು ತಿಳಿದಿದ್ದೆ.

ಮೊಮ್ಮಗ ಅಷ್ಟನ್ನೂ ಫೋನಿನಲ್ಲಿ ಧ್ವನಿಮುದ್ರಣ ಮಾಡಿಕೊಂಡ. ಕಿಟಕಿಯ ಹೊರಗೆ ಮಳೆ ಬೀಳುತ್ತಲೇ ಇತ್ತು. ಕಂಬಗಳು ಇನ್ನು ಬಾರವು. ಆದರೆ ಓದುಗರೇ, ನಿಮ್ಮ ಮನೆಯಲ್ಲಿ ಇನ್ನೂ ಕಂಬವಿದ್ದರೆ, ಅದರ ಕಥೆ ಬಲ್ಲ ಹಿರಿಯರೊಬ್ಬರಿದ್ದರೆ, ಕೆಚಿಕನ್‌ವರೆಗೆ ಹೋಗುವ ತನಕ ಕಾಯಬೇಡಿ. ಇಂದು ಸಂಜೆಯೇ ಅವರ ಬಳಿ ಕುಳಿತು ಕೇಳಿರಿ.